ಹದಿಮೂರನೇ ಶೀಟು

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ
ಗವಿಪುರ ಪೂರ್ತಿ ತಲೆಕೆಳಗು.
ಹರಿಹರ ಗುಡ್ಡದ ಕಲ್ಲಿನ ಕೊಡೆ
ಕಾವು ಮೇಲಾಗಿ
ಬಾವಲಿಯಂತೆ ನೇತಾಡುತ್ತದೆ.

ಅದೊಂದು ಚಿತ್ರ ಬೇಕಿತ್ತು ನನಗೆ.
ಹನ್ನೆರಡು ಶೀಟು ಸುಟ್ಟೆ,
ಒಂದೊಂದಕ್ಕೂ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡು.
ಹನ್ನೆರಡರಲ್ಲೂ ಕೊಡೆಯ ಬುಡಕ್ಕೆ
ಯಾರೋ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ.

ನೆಗೆಟಿವ್‌ನಲ್ಲಿ ಅದೇ ಜಾಗ ಮಸಿ.
ಅಲ್ಲಿನ ಲೆಕ್ಕವೇ ಹಾಗೆ,
ಹೆಚ್ಚಾದ ಬೆಳಕು ಕಪ್ಪಾಗಿ ಕೂರುತ್ತದೆ.

ಮೊದಲ ಅನುಮಾನ ಹೋಲ್ಡರುಗಳ ಮೇಲೆ.
ಸ್ಲೈಡು ಎಳೆಯುವ ಬಾಯಲ್ಲಿ ವೆಲ್ವೆಟ್ಟು ಸವೆದಿತ್ತು, ನಿಜ.
ಆದರೆ ಆರಕ್ಕೂ ಒಂದೇ ರೋಗ ಬರುವುದುಂಟೆ?
ಅಂಚಿನಲ್ಲಿ ಇಲಿ ಕಚ್ಚಿದಷ್ಟು ಗುರುತು ಕೊರೆದು
ನಂಬರು ಕೊಟ್ಟೆ.
ಯಾವ ನಂಬರೂ ತಪ್ಪೊಪ್ಪಿಕೊಳ್ಳಲಿಲ್ಲ.

ಲೆನ್ಸನ್ನು ಕಿಟಕಿಗೆ ಹಿಡಿದೆ:
ಒಂದು ಗೀರು, ಅಂಚಿಗೆ ಚೂರು ಬೂಷ್ಟು.
ಈ ವಯಸ್ಸಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ.

ರಾತ್ರಿ ಬಚ್ಚಲಿನ ದೀಪ ಆರಿಸಿ
ತಿದಿಯೊಳಗೆ ಮೊಬೈಲ್ ಟಾರ್ಚು ಇಳಿಬಿಟ್ಟು
ಮಡಿಕೆ ಮಡಿಕೆ ಹುಡುಕಿದೆ.
ಒಂದು ಚುಕ್ಕಿಯಾದರೂ ಮಿನುಗಬೇಕಿತ್ತು.
ತೂತು ಸಿಗದ ಬೇಸರ ಎಂಥದೆಂದು
ತೂತು ಹುಡುಕಿದವರಿಗೇ ಗೊತ್ತು.

ಬಳೇಪೇಟೆಯಲ್ಲಿ
ಹಾರ್ಮೋನಿಯಂ ರಿಪೇರಿಯ ದಸ್ತಗೀರ್ ಸಾಬರು
ತಿದಿಯ ಒಂದು ಬಾಯಿಗೆ ಅಂಗೈ ಒತ್ತಿ
ಇನ್ನೊಂದಕ್ಕೆ ಕೆನ್ನೆ ಕೊಟ್ಟು
ಮೆಲ್ಲಗೆ ಮಡಿಸಿದರು, ಮಗುವಿನ ಜ್ವರ ನೋಡುವ ಹಾಗೆ.
"ಗಾಳಿ ಹೋಗ್ತಾ ಇಲ್ಲ ಮೇಡಂ.
ಗಾಳಿ ಹೋಗದ ಕಡೆ ಬೆಳಕು ಎಲ್ಲಿಂದ ಬರ್ತದೆ?"
ಆಮೇಲೆ ಒಳಗೆ ಬೆರಳಾಡಿಸಿ,
"ರೆಕ್ಸಿನ್ ಹಾಕಿಬಿಟ್ಟಿದಾರೆ. ಹೊಳೀತದೆ ನೋಡಿ.
ನಮ್ಮ ಪೆಟ್ಟಿಗೆಗೆ ಆದ್ರೆ ಪರವಾಗಿಲ್ಲ,
ಸ್ವರಕ್ಕೆ ಕಣ್ಣಿಲ್ಲ."
ದುಡ್ಡು ಬೇಡವೆಂದರು. ಚಹಾ ನನ್ನ ಲೆಕ್ಕ.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಾ ಹೊಳೆಯಿತು.
ಅವೆನ್ಯೂ ರಸ್ತೆಯ ಸ್ಟುಡಿಯೋದಲ್ಲಿ
ನಲವತ್ತು ವರ್ಷ ಮದುಮಕ್ಕಳನ್ನೂ
ಮಿಲ್ಲಿನ ಯೂನಿಯನ್ ಗುಂಪುಗಳನ್ನೂ ನೋಡಿದ ಕ್ಯಾಮೆರಾ ಇದು.
ಸೂರ್ಯನ ಮುಖ ಕಂಡಿದ್ದೇ ಇಲ್ಲ.
ಒಳಗೆ ರೆಕ್ಸಿನ್ ಹೊಳೆದರೆ ಅದಕ್ಕೇನು?
ಈಗ ನಾನು ಎದುರು ಬಿಸಿಲಿಗೆ ನಿಲ್ಲಿಸಿದ್ದೇನೆ.
ಲೆನ್ಸು ಉದಾರಿ, ಫಿಲ್ಮಿಗೆ ಬೇಕಾದ್ದಕ್ಕಿಂತ
ದುಪ್ಪಟ್ಟು ಅಗಲಕ್ಕೆ ಕರೆಯುತ್ತದೆ.
ಬಂದ ಬೆಳಕು,
ಮದುವೆಮನೆಯಲ್ಲಿ ಎಲೆ ಸಿಗದ ನೆಂಟರ ಹಾಗೆ
ಗೋಡೆಗೆ ಒರಗುತ್ತಾ, ಸುತ್ತುತ್ತಾ
ಕೊನೆಗೆ ಸಿಕ್ಕಲ್ಲಿ ಕೂತಿದೆ.

ಭಾನುವಾರ, ಏಳೂವರೆ.
ಮಸುಕು ಗಾಜಿಗೆ ನಾಲ್ಕು ಮೂಲೆ ಕತ್ತರಿಸಿರುತ್ತಾರೆ,
ಯಾಕೆಂದು ಇಷ್ಟು ವರ್ಷ ಕೇಳಿರಲಿಲ್ಲ.
ಆ ಸಂದಿನಲ್ಲಿ ಒಂದು ಕಣ್ಣಿಟ್ಟರೆ
ಅಗೋ, ತಿದಿಯ ತಳ
ಮಳೆ ನಿಂತ ಮಾರ್ಕೆಟ್ ರಸ್ತೆಯಂತೆ ಥಳಥಳ.

ಬಂಡೆ ಮೇಲೆ ಸಂಡಿಗೆ ಹಾಕುತ್ತಿದ್ದ ಮುನಿಲಕ್ಷ್ಮಮ್ಮ
ಹದಿಮೂರನೇ ಸಲ ನೋಡುತ್ತಿದ್ದರು ನನ್ನನ್ನು.
"ಬಿಸಿಲು ಕಣ್ಣಿಗೆ ಹೊಡೀತಿದ್ರೆ
ಕೈ ಅಡ್ಡ ಹಿಡಿಯಕ್ಕೇನು ಅದಕ್ಕೆ?"
ಎದ್ದು ಬಂದು
ಹಿಟ್ಟು ಮೆತ್ತಿದ ಕೈ ಲೆನ್ಸಿನ ಮೇಲೆ ಚಾಚಿದರು.
ಒಲೆಯಿಂದ ಕೊಳ್ಳಿ ಎಳೆದ ಹಾಗೆ
ಸಂದಿನಲ್ಲಿ ಹೊಳಪು ಆರಿತು.
"ಅಲ್ಲಾಡಬೇಡಿ."
"ನಾನೆಲ್ಲಿ ಅಲ್ಲಾಡ್ತೀನಿ,
ಐವತ್ತು ವರ್ಷದಿಂದ ಇಲ್ಲೇ ಇವ್ನಿ."

ಅರ್ಧ ಸೆಕೆಂಡು.

ಬುಡ ಸ್ವಚ್ಛ.
ಬಂಡೆಯ ಬಿರುಕು, ಬಿರುಕಲ್ಲಿ ಒಂದು ಬೀಡಿ ತುಂಡು,
ಸರ್ವೆಯವರು ಬಳಿದ ನಂಬರು ಕೂಡ ಓದಬಹುದು.
ಮೇಲಿನ ಅಂಚಲ್ಲಿ ಮಾತ್ರ
ಆಕಾಶದಿಂದ ಇಳಿದ ನಾಲ್ಕು ಮಬ್ಬು ಬೆರಳು.
ಗಾಜಿನಲ್ಲಿ ಅವು ಕೆಳಗಿದ್ದವು,
ನೆಲದಿಂದ ಏನೋ ಮೊಳೆತ ಹಾಗೆ;
ಹುಲ್ಲೆಂದುಕೊಂಡಿದ್ದೆ.

ಮುಂದಿನ ವಾರ ಕರಿ ರಟ್ಟು ತಂದು
ಒಂದು ಹುಡ್ ಅಂಟಿಸಬೇಕು, ಒಳಗೆ ವೆಲ್ವೆಟ್ಟು.

ಪ್ರಿಂಟು ಕೊಟ್ಟೆ.
ಮುನಿಲಕ್ಷ್ಮಮ್ಮ ದೂರ ಹಿಡಿದು, ಹತ್ತಿರ ಹಿಡಿದು,
"ಇದು ನಂದೇ ಕೈಯಾ? ಮೋಡ ಇದ್ದಂಗೈತೆ," ಅಂದರು.
ಗಾಳಿಗೆ ಹಾರದಿರಲೆಂದು
ಸಂಡಿಗೆ ಬಟ್ಟೆಯ ಮೂಲೆಗೆ ಇಟ್ಟಿದ್ದ ಕಲ್ಲನ್ನೆತ್ತಿ
ಅದರಡಿ ಇಟ್ಟುಕೊಂಡರು.